ಹಳೇ ಲೂನಾ, ಟಿವಿಎಸ್ 50, ಎಕ್ಸ್‌ಎಲ್ ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಿತ್ತಲಲ್ಲಿ ಗೋಣಿಚೀಲ ಹೊದ್ದು ನಿಂತ ಲೂನಾ, ಗುಜರಿ ರೇಟಿಗೆ ಸಿಕ್ಕ ಎಕ್ಸ್‌ಎಲ್ ಸೂಪರ್. ಇಂಥ ಗಾಡಿ ಕೈಗೆ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಉತ್ತರದಲ್ಲೂ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಎಂಜಿನ್ ಬಿಚ್ಚುವುದು ಕೊನೆಗೆ.

ಇದು ಯಾವ್ಯಾವ ಗಾಡಿಗೆ ಅನ್ವಯಿಸುತ್ತದೆ?

ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಓಡಿಸುವ ಸಣ್ಣ ಟು-ಸ್ಟ್ರೋಕ್ ಮೋಪೆಡ್‌ಗಳಿಗೆಲ್ಲ. ಪುಣೆಯ ಕೈನೆಟಿಕ್‌ನವರು 1972ರಲ್ಲಿ ತಂದ ಲೂನಾ, 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50, ಆಮೇಲಿನ ಎಕ್ಸ್‌ಎಲ್ ಮತ್ತು ಎಕ್ಸ್‌ಎಲ್ ಸೂಪರ್. ಹಳೇ ಲೂನಾ, ಟಿವಿಎಸ್ 50 ಎರಡೂ ಪೆಡಲ್ ಇರುವ ಎಂಜಿನ್ ಸೈಕಲ್‌ಗಳೇ. ಟಿವಿಎಸ್ ಎಕ್ಸ್‌ಎಲ್ 100 ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಫೋರ್-ಸ್ಟ್ರೋಕ್, ಅದರ ಪೆಟ್ರೋಲ್‌ಗೆ ಆಯಿಲ್ ಹಾಕಬಾರದು. ನೋಡೋಕೆ ಒಂದೇ ಥರ ಇರುವುದರಿಂದ ಕೊಳ್ಳುವಾಗ ಇದೊಂದು ಖಾತ್ರಿ ಮಾಡಿಕೊಳ್ಳಿ.

ಕೊಳ್ಳುವ ಮುಂಚೆ ಏನು ನೋಡಬೇಕು?

ಮೊದಲು ಆರ್‌ಸಿ, ಆಮೇಲೆ ಗಾಡಿ. ಚಾಸಿಸ್ ನಂಬರು, ಎಂಜಿನ್ ನಂಬರು ಆರ್‌ಸಿಯಲ್ಲಿರುವುದಕ್ಕೆ ತಾಳೆ ಆಗಬೇಕು. ತುಕ್ಕು ಹಿಡಿದಿದ್ದರೆ ಎಮ್ರಿ ಪೇಪರ್‌ನಲ್ಲಿ ಮೆಲ್ಲಗೆ ಉಜ್ಜಿ ಓದಿ. ಆರ್‌ಸಿಯಲ್ಲಿ ಹೆಸರಿರುವವರೇ ಫಾರ್ಮ್ 29, 30ಕ್ಕೆ ಸಹಿ ಹಾಕಬೇಕು. ಅವರು ತೀರಿಕೊಂಡಿದ್ದರೆ ವಾರಸುದಾರರ ಕಾಗದ ಬೇಕಾಗುತ್ತದೆ, ಓಡಾಟ ಜಾಸ್ತಿ. “ಆರ್‌ಸಿ ಆಮೇಲೆ ಕೊಡ್ತೀನಿ” ಅಂದವರ ಗಾಡಿ ಎಷ್ಟು ಚೆನ್ನಾಗಿದ್ದರೂ ಅದು ಸ್ಪೇರ್ ಪಾರ್ಟ್ಸ್ ರೇಟಿನದು ಅಷ್ಟೇ.

ಗಾಡಿ ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕು. ಮಾರುವವರು ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಸ್ವಲ್ಪ ಅನುಮಾನ ಪಡಿ. ಬಿಸಿ ಎಂಜಿನ್ ಹೇಗಾದರೂ ಹತ್ತಿಕೊಳ್ಳುತ್ತದೆ, ನಿಜ ಗೊತ್ತಾಗುವುದು ಬೆಳಗಿನ ಮೊದಲ ಕಿಕ್‌ನಲ್ಲಿ. ಸ್ಟಾರ್ಟ್ ಆದ ಮೇಲೆ ಕಿವಿಗೊಡಿ. ರೇಸ್ ಕೊಟ್ಟಾಗ ಕೆಳಗಿನಿಂದ ಕಟಕಟ ಅನ್ನುವ ಭಾರದ ಸದ್ದು ಬಂದರೆ ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆದಿರಬಹುದು. ಅದು ದೊಡ್ಡ ಖರ್ಚು. ಮೇಲಿನಿಂದ ಬರುವ ತೆಳುವಾದ ಸದ್ದು ಪಿಸ್ಟನ್‌ದು, ಅದಕ್ಕೆ ಅಷ್ಟು ಹೆದರಬೇಕಿಲ್ಲ.

ಗಾಡಿಗೆ 15 ವರ್ಷ ದಾಟಿದೆ. ಓಡಿಸಬಹುದಾ?

ನೋಂದಣಿ ನವೀಕರಿಸಿಕೊಂಡರೆ ಓಡಿಸಬಹುದು. ಫಾರ್ಮ್ 25ರಲ್ಲಿ ಅರ್ಜಿ ಹಾಕಿ, ಗಾಡಿಯನ್ನು ಆರ್‌ಟಿಒ ತಪಾಸಣೆಗೆ ಒಯ್ಯಬೇಕು. ಪಾಸಾದರೆ 5 ವರ್ಷಕ್ಕೆ ಸಿಗುತ್ತದೆ. ದ್ವಿಚಕ್ರ ವಾಹನಕ್ಕೆ ಕೇಂದ್ರದ ಶುಲ್ಕ 2022ರ ಏಪ್ರಿಲ್‌ನಿಂದ 1000 ರೂಪಾಯಿ ಆಯಿತು. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 2000ಕ್ಕೆ ಏರಿಸಿದರು. ಇದರ ಮೇಲೆ ವಿಮೆ, ಹೊಗೆ ತಪಾಸಣೆ. ಮೂರು ಸಾವಿರದ ಗಾಡಿಗೆ ಇಷ್ಟೆಲ್ಲ ಬೇಕಾ ಅಂತ ಕೇಳುವವರಿದ್ದಾರೆ. ಲೆಕ್ಕ ಹಾಕಿ ನೀವೇ ತೀರ್ಮಾನಿಸಿ, ಆದರೆ ಗಾಡಿ ಕೊಳ್ಳುವ ಮುಂಚೆ ಲೆಕ್ಕ ಹಾಕಿ.

ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಪೆಟ್ರೋಲ್, ಕಿಡಿ, ಕಂಪ್ರೆಷನ್ (ಪಿಸ್ಟನ್ ಮಿಶ್ರಣವನ್ನು ಅದುಮುವ ಒತ್ತಡ). ಇದೇ ಕ್ರಮದಲ್ಲಿ ಹೋಗಿ.

ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಟ್ಯಾಂಕಿನಲ್ಲಿರುವ ಪೆಟ್ರೋಲ್ ಪೂರ್ತಿ ತೆಗೆದುಬಿಡಿ. ಹಳಸಿದ ಪೆಟ್ರೋಲ್ ವಾಸನೆಯಲ್ಲೇ ಗೊತ್ತಾಗುತ್ತದೆ, ವಾರ್ನಿಶ್ ಥರ ಇರುತ್ತದೆ. ಹೊಸದು ಹಾಕಿ, ಕಾರ್ಬೊರೇಟರ್ ಕಡೆಯ ಪೈಪ್ ಕಿತ್ತು, ಕಾಕ್ (ಟ್ಯಾಂಕಿನ ನಲ್ಲಿ) ತೆರೆದು ಒಂದು ಬಾಟಲಿಗೆ ಬಿಡಿ. ಧಾರೆ ಸಲೀಸಾಗಿ ಬರಬೇಕು. ತೊಟ್ಟು ತೊಟ್ಟಾಗಿ ಬಂದರೆ ಕಾಕ್‌ನ ಜಾಲರಿಯಲ್ಲಿ ತುಕ್ಕು ಕೂತಿದೆ.

ಆಮೇಲೆ ಪ್ಲಗ್ ಬಿಚ್ಚಿ. ಒದ್ದೆ ಇದ್ದರೆ ಪೆಟ್ರೋಲ್ ಒಳಗೆ ಹೋಗುತ್ತಿದೆ, ಆದರೆ ಉರಿಯುತ್ತಿಲ್ಲ. ಒಣಗಿದ್ದರೆ ಪೆಟ್ರೋಲೇ ತಲುಪಿಲ್ಲ. ಈ ಒಂದು ನೋಟದಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ಪ್ಲಗ್ ಒರೆಸಿ, ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಸಿಲಿಂಡರ್ ಹೆಡ್‌ಗೆ ಒತ್ತಿ ಹಿಡಿದು ಕಿಕ್ ಹೊಡೆಯಿರಿ. ಪ್ಲಗ್ ತೂತಿನ ಹತ್ತಿರ ಹಿಡಿಯಬೇಡಿ, ಅಲ್ಲಿಂದ ಪೆಟ್ರೋಲ್ ಹಬೆ ಬರುತ್ತಿರುತ್ತದೆ. ನೀಲಿ ಬಣ್ಣದ ದಪ್ಪ ಕಿಡಿ ಟಪ್ ಅಂತ ಬಿದ್ದರೆ ಸರಿ. ಕೆಂಪಗೆ ಸಣಕಲಾಗಿ ಬಂದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ, ಆಮೇಲೆ ಪ್ಲಗ್ ಕ್ಯಾಪ್.

ಅದೂ ಆಗದಿದ್ದರೆ ಹಳೇ ಮಾಡೆಲ್‌ಗಳಲ್ಲಿ ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸುವ ಚಕ್ರ) ಒಳಗಿನ ಸಿಬಿ ಪಾಯಿಂಟ್, ಅಂದರೆ ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್, ನೋಡಬೇಕು. ಪಾಯಿಂಟ್ ಮೇಲೆ ಕಪ್ಪು ಕೂತಿದ್ದರೆ ನಯವಾದ ಎಮ್ರಿ ಪೇಪರ್‌ನಲ್ಲಿ ಉಜ್ಜಿ, ಆಮೇಲೆ ಒಂದು ಗಟ್ಟಿ ಕಾಗದ ತೂರಿಸಿ ಎಳೆದು ಪುಡಿ ತೆಗೆಯಿರಿ. ಪಾಯಿಂಟ್ ಪೂರ್ತಿ ತೆರೆದಾಗ ಸಂದು 0.35ರಿಂದ 0.45 ಮಿ.ಮೀ. ಇರಬೇಕು. ಫೀಲರ್ ಗೇಜ್ ಇಟ್ಟೇ ನೋಡಿ, ಕಣ್ಣಳತೆ ಸಾಲದು. ಉಜ್ಜಿದ ಪಾಯಿಂಟ್ ಸ್ವಲ್ಪ ಓಡಿದ ಮೇಲೆ ಮತ್ತೆ ಸುಟ್ಟು ಕಪ್ಪಾದರೆ ಕಂಡೆನ್ಸರ್ ಹೋಗಿದೆ. ಎಕ್ಸ್‌ಎಲ್ ಸೂಪರ್‌ನಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಇರುವುದರಿಂದ ಈ ಕಾಟವಿಲ್ಲ. ಅಲ್ಲಿ ವೈರ್ ಜೋಡಣೆ, ಅರ್ತ್, ಕಿಲ್ ಸ್ವಿಚ್ ನೋಡಿದ ಮೇಲೆಯೇ ಸಿಡಿಐ (ಕಿಡಿ ಕೊಡುವ ಎಲೆಕ್ಟ್ರಾನಿಕ್ ಡಬ್ಬಿ) ಮೇಲೆ ಅನುಮಾನ ಪಡಿ.

ಮ್ಯಾಗ್ನೆಟ್ ತೆಗೆಯಲು ಪುಲ್ಲರ್ ಬೇಕೇ ಬೇಕು. ಸುತ್ತಿಗೆಯಲ್ಲಿ ಹೊಡೆದರೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ತುದಿ ಹಾಳಾಗುತ್ತದೆ.

ಪೆಟ್ರೋಲ್ ಓವರ್ ಆಗಿದೆ ಅಂತಾರಲ್ಲ, ಏನು ಮಾಡೋದು?

ಎಂಜಿನ್ ಒಳಗೆ ಪೆಟ್ರೋಲ್ ಜಾಸ್ತಿ ಹೋಗಿ ಪ್ಲಗ್ ಒದ್ದೆಯಾಗಿದೆ ಅಂತ ಅರ್ಥ. ಕಾಕ್ ಮುಚ್ಚಿ, ಚೋಕ್ ತೆಗೆದು, ಪ್ಲಗ್ ಬಿಚ್ಚಿ. ಪ್ಲಗ್ ಕ್ಯಾಪ್ ದೂರ ಇಟ್ಟು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹತ್ತಾರು ಕಿಕ್ ಹೊಡೆಯಿರಿ. ಪ್ಲಗ್ ಒಣಗಿಸಿ ಹಾಕಿ. ಹತ್ತಿಕೊಳ್ಳುತ್ತದೆ.

ಪ್ಲಗ್ ಬಣ್ಣ ನೋಡಿ ಏನು ತಿಳಿಯಬಹುದು?

ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಿಸಿ, ಥಟ್ಟನೆ ಎಂಜಿನ್ ಆಫ್ ಮಾಡಿ ಪ್ಲಗ್ ತೆಗೆಯಿರಿ. ಕಾಫಿಪುಡಿ ಬಣ್ಣ ಇದ್ದರೆ ಎಲ್ಲ ಸರಿ. ಜಿಡ್ಡುಜಿಡ್ಡಾಗಿ ಕಪ್ಪಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಜಾಸ್ತಿ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ಬಿಳಿಚಿಕೊಂಡಿದ್ದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ ಕಾರಣ ಹುಡುಕಿ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಅರ್ಥ. ಕಪ್ಪು ಪ್ಲಗ್ ಕಿರಿಕಿರಿ ಮಾಡುತ್ತದೆ ಅಷ್ಟೇ, ಬಿಳಿ ಪ್ಲಗ್ ಪಿಸ್ಟನ್ನನ್ನೇ ತಿನ್ನುತ್ತದೆ.

ಎರಡು ಮೂರು ಕಿ.ಮೀ. ಚೆನ್ನಾಗಿ ಓಡಿ ನಿಂತುಬಿಡುತ್ತೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತೆ. ಏಕೆ?

ನಿಂತ ಕೂಡಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದು, ಗಾಡಿ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಮುಚ್ಚಿಹೋಗಿದೆ. ಒಂದು ಸೂಜಿಯಲ್ಲಿ ಮುಗಿಯುವ ಕೆಲಸಕ್ಕೆ ಕಾಯಿಲ್, ಸಿಡಿಐ ಎಲ್ಲ ಬದಲಾಯಿಸಿದವರಿದ್ದಾರೆ. ಮುಚ್ಚಳ ತೆರೆದರೂ ಆಗದೆ, ಆಗ ಕಿಡಿಯೂ ಇಲ್ಲದಿದ್ದರೆ, ಕಾಯಿಲ್ ಬಿಸಿಯಾದಾಗ ಕೈಕೊಡುತ್ತಿದೆ. ಕಿಡಿ ಇದೆಯೋ ಇಲ್ಲವೋ ಅಂತ ನಿಂತ ಆ ಕ್ಷಣದಲ್ಲೇ ನೋಡಬೇಕು, ಮನೆಗೆ ತಂದು ನೋಡಿದರೆ ಏನೂ ತಿಳಿಯುವುದಿಲ್ಲ.

ಪಿಕಪ್ ಇಲ್ಲ. ಏರಿನಲ್ಲಿ ಇಳಿದು ತಳ್ಳಬೇಕು. ಮೆಕ್ಯಾನಿಕ್ ಬೋರ್ ಹೋಗಿದೆ ಅಂತಾರೆ. ನಂಬಲಾ?

ತಕ್ಷಣ ನಂಬಬೇಡಿ. ಬೋರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈ, ಸವೆದಿರಬಹುದು, ಆದರೆ ಹಳೇ ಟು-ಸ್ಟ್ರೋಕ್‌ನಲ್ಲಿ ಮೊದಲ ಅನುಮಾನ ಸೈಲೆನ್ಸರ್ ಮೇಲೆ. ಪೆಟ್ರೋಲ್ ಜೊತೆ ಆಯಿಲೂ ಉರಿಯುವುದರಿಂದ ಮಸಿ ವರ್ಷಗಟ್ಟಲೆ ಕೂತು ದಾರಿ ಮುಚ್ಚುತ್ತದೆ. ಹೊಗೆ ಹೊರಗೆ ಹೋಗದಿದ್ದರೆ ಹೊಸ ಮಿಶ್ರಣ ಒಳಗೆ ಬರುವುದಿಲ್ಲ, ಗಾಡಿ ಎಳೆಯುವುದಿಲ್ಲ.

ಪರೀಕ್ಷೆ ಸುಲಭ. ಸೈಲೆನ್ಸರ್ ತುದಿಯ ಸ್ಕ್ರೂ ಬಿಚ್ಚಿ ಒಳಗಿನ ಬ್ಯಾಫಲ್ ಹೊರಗೆಳೆಯಿರಿ. ಅದಿಲ್ಲದೆ ರಸ್ತೆಯ ಕೊನೆಯವರೆಗೆ ಒಂದು ಸುತ್ತು ಹೋಗಿ ಬನ್ನಿ. ಸದ್ದು ಬೀದಿ ಎಬ್ಬಿಸುತ್ತದೆ, ಆದರೆ ಎಳೆತ ವಾಪಸ್ ಬಂದರೆ ಕಳ್ಳ ಸಿಕ್ಕಿಬಿದ್ದ. ಬ್ಯಾಫಲ್‌ಗೆ ಮೆತ್ತಿದ್ದನ್ನು ಗ್ಯಾರೇಜಿನವರು ಬೆಂಕಿಗೆ ಹಾಕಿ ಸುಡುತ್ತಾರೆ, ತಣ್ಣಗಾದ ಮೇಲೆ ತಟ್ಟಿದರೆ ಪುಡಿಪುಡಿಯಾಗಿ ಉದುರುತ್ತದೆ. ಬಯಲಲ್ಲಿ ಮಾಡಿ, ಹೊಗೆ ಕೆಟ್ಟದ್ದು. ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸುವುದೂ ಉಂಟು. ಆಗ ಕೈಗವಸು, ಕನ್ನಡಕ ಬೇಕು, ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾಕ್ಕೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಭಾಗ ಯಾವುದನ್ನೂ ಅದರಲ್ಲಿ ಮುಳುಗಿಸಬೇಡಿ, ಕರಗಿಹೋಗುತ್ತದೆ.

ಸೈಲೆನ್ಸರ್ ಬಿಚ್ಚಿದಾಗಲೇ ಸಿಲಿಂಡರಿನ ಎಕ್ಸಾಸ್ಟ್ ಪೋರ್ಟ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಸುತ್ತ ಮಸಿ ಗಟ್ಟಿಯಾಗಿ ಕಟ್ಟಿ ತೂತು ಚಿಕ್ಕದಾಗಿದ್ದರೆ, ಪಿಸ್ಟನ್ ಮೇಲೆ ತಂದು ಅದರ ಪಕ್ಕದಿಂದ ಪೋರ್ಟ್ ಮುಚ್ಚುವಂತೆ ಮಾಡಿಕೊಳ್ಳಿ. ಬಿದಿರು ಸೀಳಿನಿಂದ ಹೊರಗಡೆಗೆ ಕೆರೆಯಿರಿ. ಸ್ಕ್ರೂ ಡ್ರೈವರ್ ಬೇಡ, ಪಿಸ್ಟನ್ ಮೇಲೆ ಗೀರು ಬಿದ್ದರೆ ಅದು ರಿಂಗ್‌ಗೂ ತಾಗುತ್ತದೆ. ಸೈಲೆನ್ಸರ್ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ.

ಇಷ್ಟಾದ ಮೇಲೂ ಎಳೆಯದಿದ್ದರೆ ಕಂಪ್ರೆಷನ್ ನೋಡಿ. ಗೇಜ್ ಇದ್ದರೆ ಆಕ್ಸಿಲರೇಟರ್ ಪೂರ್ತಿ ತೆರೆದು ಕಿಕ್ ಹೊಡೆದು ನೋಡಬೇಕು. 100 ಪಿಎಸ್‌ಐ ಆಸುಪಾಸು ಬಂದರೆ ಬೋರ್ ಮಾಡಿಸುವ ಅವಸರ ಇಲ್ಲ. ತೀರಾ ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಿಕ್ಕ ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಈಗ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್‌ನಲ್ಲಿ ಲೀಕ್ ಇರಬಹುದು. ಇದನ್ನು ನೋಡದೆ ಬೋರ್ ಅನ್ನುವ ಮೆಕ್ಯಾನಿಕ್‌ಗೆ “ಅಣ್ಣಾ, ಕಂಪ್ರೆಷನ್ ಎಷ್ಟಿದೆ?” ಅಂತ ಒಮ್ಮೆ ಕೇಳಿ. ಒಳ್ಳೆಯ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಎಂಜಿನ್ ಕೂಗುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ.

ಕ್ಲಚ್. ಈ ಗಾಡಿಗಳಲ್ಲಿ ಎಂಜಿನ್ ಜೋರಾದಾಗ ಕ್ಲಚ್ ಶೂಗಳು ತಾವೇ ಹೊರಗೆ ಚಾಚಿ ಡ್ರಮ್ ಹಿಡಿಯುತ್ತವೆ. ಶೂ ಸವೆದರೆ ಜಾರುತ್ತದೆ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ತೆಂಗಿನಕಾಯಿ ಮೂಟೆ ಹೊತ್ತ ಎಕ್ಸ್‌ಎಲ್‌ಗಳಲ್ಲಿ ಇದು ಮಾಮೂಲು. ಸೆಟ್ ಬದಲಾಯಿಸಿ, ಒಂದೊಂದೇ ಶೂ ಹಾಕಬೇಡಿ.

ಪೆಟ್ರೋಲ್‌ಗೆ ಆಯಿಲ್ ಎಷ್ಟು ಹಾಕಬೇಕು?

ಕಂಪನಿ ಹೇಳಿದಷ್ಟು. ಕೈಪಿಡಿ ಇಲ್ಲದಿದ್ದರೆ ಎಕ್ಸ್‌ಎಲ್ ಸೂಪರ್‌ನಂಥ ಗಾಡಿಗೆ ಲೀಟರ್‌ಗೆ 20 ಎಂ.ಎಲ್. ಟು-ಟಿ (ಟು-ಸ್ಟ್ರೋಕ್) ಆಯಿಲ್ ವಾಡಿಕೆ, ಅಂದರೆ 50ಕ್ಕೆ 1. ತುಂಬಾ ಹಳೇ ಮಾಡೆಲ್‌ಗಳಿಗೆ 25ಕ್ಕೆ 1, ಅಂದರೆ 40 ಎಂ.ಎಲ್. ಹಾಕುವವರಿದ್ದಾರೆ. ಅದು ಆಗಿನ ಆಯಿಲ್‌ನ ಲೆಕ್ಕ.

ಈ ಎಂಜಿನ್‌ನಲ್ಲಿ ಪಿಸ್ಟನ್, ಕ್ರ್ಯಾಂಕ್‌ಗೆಂದು ಬೇರೆ ಆಯಿಲ್ ಇರುವುದಿಲ್ಲ. ಪೆಟ್ರೋಲ್ ಮೊದಲು ಕ್ರ್ಯಾಂಕ್ ಕೇಸಿಗೆ ಹೋಗಿ ಆಮೇಲೆ ಮೇಲೆ ಬರುತ್ತದೆ. ಬೇರಿಂಗ್‌ಗೆ, ಪಿಸ್ಟನ್‌ಗೆ ಸಿಗುವುದು ಅದರ ಜೊತೆ ಬಂದ ಆಯಿಲ್ ಮಾತ್ರ. ಆಯಿಲ್ ಮರೆತರೆ ಎಂಜಿನ್ ಜಾಮ್ ಆಗಲು ಹೆಚ್ಚು ದೂರ ಬೇಕಿಲ್ಲ. ಹಾಗಂತ “ಇರಲಿ, ಸ್ವಲ್ಪ ಜಾಸ್ತಿ” ಅಂತ ಸುರಿಯುವುದೂ ತಪ್ಪು. ಮಸಿ ಬೇಗ ಕಟ್ಟುತ್ತದೆ, ಪ್ಲಗ್ ಕೆಡುತ್ತದೆ, ಜೊತೆಗೆ ಅಷ್ಟೇ ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ.

ಬಂಕ್‌ನಲ್ಲಿ ಮೊದಲು ಆಯಿಲ್, ಮೇಲೆ ಪೆಟ್ರೋಲ್ ಹಾಕಿಸಿ, ತಾನೇ ಬೆರೆಯುತ್ತದೆ. ಮನೆಯಲ್ಲಿ ಕ್ಯಾನ್‌ನಲ್ಲಿ ಬೆರೆಸಿ ಕುಲುಕಿ ಹಾಕುವುದು ಇನ್ನೂ ವಾಸಿ. ಬೈಕಿನ ಎಂಜಿನ್ ಆಯಿಲ್ ಬೇಡ. ಡಬ್ಬಿ ಮೇಲೆ ಟು-ಸ್ಟ್ರೋಕ್ ಅಂತಲೂ, ಜಾಸೋ (ಜಪಾನಿನ ಗುಣಮಟ್ಟದ ಗುರುತು) ಎಫ್‌ಸಿ ಅಥವಾ ಎಫ್‌ಡಿ ಅಂತಲೂ ಇದ್ದರೆ ಹೊಗೆ ಕಡಿಮೆ.

ಈಗಿನ ಎಥನಾಲ್ ಪೆಟ್ರೋಲ್ ಹಳೇ ಮೋಪೆಡ್‌ಗೆ ಆಗುತ್ತಾ?

ಆಗುತ್ತದೆ, ಎಚ್ಚರ ಬೇಕು. ಶೇ 20 ಎಥನಾಲ್ ಇರುವ ಇ20ಯನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ದು. ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಹಳೇ ರಬ್ಬರ್ ಪೈಪು, ಕಾರ್ಬೊರೇಟರ್ ವಾಷರ್, ಕಾಕ್ ಸೀಲ್ ಇವನ್ನು ಎಥನಾಲ್ ಉಬ್ಬಿಸುತ್ತದೆ, ಬಿರಿಯುವಂತೆ ಮಾಡುತ್ತದೆ. ಇವೆಲ್ಲ ಅಗ್ಗದ ಸಾಮಾನು, ಒಮ್ಮೆಗೆ ಬದಲಾಯಿಸಿ. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಮಿಶ್ರಣವೂ ಸ್ವಲ್ಪ ತೆಳುವಾಗುತ್ತದೆ. ಪ್ಲಗ್ ಬಿಳಿಚಿಕೊಂಡರೆ ಕಾರ್ಬೊರೇಟರ್ ನೀಡಲ್‌ನ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಹಾಕಿ. ಕ್ಲಿಪ್ ಕೆಳಗಾದರೆ ನೀಡಲ್ ಮೇಲೇಳುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ.

ದೊಡ್ಡ ಭಯ ನೀರಿನದು. ಎಥನಾಲ್ ತೇವ ಹೀರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ಎಥನಾಲ್ ಮತ್ತು ನೀರು ಸೇರಿ ತಳಕ್ಕೆ ಇಳಿಯಬಹುದು. ಟು-ಟಿ ಆಯಿಲ್ ಮಾತ್ರ ಮೇಲಿನ ಪೆಟ್ರೋಲ್ ಜೊತೆ ಉಳಿಯುತ್ತದೆ. ಕಾಕ್ ತಳದಿಂದ ಎಳೆಯುವುದರಿಂದ ಎಂಜಿನ್‌ಗೆ ಆಯಿಲ್ ಇಲ್ಲದ ನೀರು ಹೋಗುತ್ತದೆ. ಮಳೆಗಾಲಕ್ಕೆ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್, ಕಾರ್ಬೊರೇಟರ್ ಎರಡೂ ಖಾಲಿ ಮಾಡಿ ನಿಲ್ಲಿಸಿ.

ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನೇ ಕೂಗುತ್ತಾ ಇರುತ್ತೆ.

ಕೇಬಲ್ ಹಿಡಿದಿಲ್ಲ, ಕಾರ್ಬೊರೇಟರ್ ಸ್ಲೈಡ್ ಸಿಕ್ಕಿಕೊಂಡಿಲ್ಲ ಅಂತ ಮೊದಲು ನೋಡಿ. ಅವು ಸರಿ ಇದ್ದರೆ ಎಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿದೆ. ಕಾರ್ಬೊರೇಟರ್ ಜೋಡಿಸುವ ಕಡೆಯ ಗ್ಯಾಸ್ಕೆಟ್, ಬಿರುಕು ಬಿಟ್ಟ ರಬ್ಬರ್, ಕೊನೆಗೆ ಕ್ರ್ಯಾಂಕ್ ಆಯಿಲ್ ಸೀಲ್. ಮ್ಯಾಗ್ನೆಟ್ ತೆಗೆದಾಗ ಹಿಂದೆ ಪೆಟ್ರೋಲ್ ವಾಸನೆಯ ಜಿಡ್ಡು ಒದ್ದೆ ಕಂಡರೆ ಆ ಕಡೆಯ ಸೀಲ್ ಹೋಗಿದೆ. ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವ ಮಾಡೆಲ್‌ಗಳಲ್ಲಿ ಇನ್ನೊಂದು ಕಡೆಯ ಸೀಲ್ ಹೋದರೆ ಆ ಆಯಿಲ್ಲನ್ನೇ ಎಂಜಿನ್ ಕುಡಿಯುತ್ತದೆ, ಹೊಗೆ ನಿಲ್ಲುವುದೇ ಇಲ್ಲ.

ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಸೀಲ್‌ಗಳು ಒಣಗಿ ಗಟ್ಟಿಯಾಗಿರುತ್ತವೆ. ಹೊಸ ಪಿಸ್ಟನ್ ಹಾಕಿ ಹಳೇ ಸೀಲ್ ಬಿಟ್ಟರೆ ಆ ಪಿಸ್ಟನ್ನೂ ಬೇಗ ಹೋಗುತ್ತದೆ. ನನ್ನ ಕೇಳಿದರೆ, ಹಳೇ ಮೋಪೆಡ್‌ಗೆ ಹಾಕುವ ದುಡ್ಡಿನಲ್ಲಿ ಸೀಲ್‌ಗೆ ಹಾಕಿದಷ್ಟು ಸಾರ್ಥಕ ಯಾವುದೂ ಅಲ್ಲ.

ಕಾರ್ಬೊರೇಟರ್ ಮನೆಯಲ್ಲೇ ಬಿಚ್ಚಬಹುದಾ?

ಧಾರಾಳವಾಗಿ. ಬಿಳಿ ಬಟ್ಟೆ ಹಾಸಿ ಅದರ ಮೇಲೆ ಬಿಚ್ಚಿ, ಬಿದ್ದ ಸಣ್ಣ ಸಾಮಾನು ಕಾಣುತ್ತದೆ. ಬಿಚ್ಚುವ ಮುಂಚೆ ಏರ್ ಸ್ಕ್ರೂ ಎಷ್ಟು ಸುತ್ತು ಒಳಗಿದೆ ಅಂತ ಎಣಿಸಿ ಬರೆದಿಡಿ. ಜೆಟ್ ತೂತಿಗೆ ಕಬ್ಬಿಣದ ತಂತಿ, ಪಿನ್ ಹಾಕಬೇಡಿ. ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾದರೆ ಮೈಲೇಜ್ ಹೋಯಿತು. ಕರೆಂಟ್ ವೈರಿನೊಳಗಿನ ಒಂದು ತಾಮ್ರದ ಎಳೆ ಸಾಕು. ಆಕಾಶಕ್ಕೆ ಹಿಡಿದರೆ ತೂತು ದುಂಡಗೆ, ಸ್ವಚ್ಛವಾಗಿ ಕಾಣಬೇಕು. ಫ್ಲೋಟ್ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಸದ್ದು ಬಂದರೆ ಅದು ತೂತು ಬಿದ್ದಿದೆ. ಓವರ್‌ಫ್ಲೋ ಆಗುವುದಕ್ಕೆ ಅದೇ ಕಾರಣ.

ಟ್ಯಾಂಕ್ ಒಳಗೆಲ್ಲ ತುಕ್ಕು. ವೆಲ್ಡಿಂಗ್ ಮಾಡಿಸಲಾ?

ತುಕ್ಕಿಗೆ ವೆಲ್ಡಿಂಗ್ ಮದ್ದಲ್ಲ. ಹಿಡಿಯಷ್ಟು ನಟ್ಟು ಹಾಕಿ ಕುಲುಕಿ, ತೊಳೆದು, ವಿನೆಗರ್ ತುಂಬಿ ಒಂದು ರಾತ್ರಿ ಬಿಡಿ. ಆಮೇಲೆ ಸೋಡಾ ಪುಡಿ ನೀರು, ಬರೀ ನೀರು, ಬಿಸಿಲು. ಚೂರೂ ತೇವ ಉಳಿಯಬಾರದು. ತಳ ತೂತಾಗಿದ್ದರೆ ಬೇರೆ ಟ್ಯಾಂಕ್ ಹುಡುಕಿ. ಪೆಟ್ರೋಲ್ ಖಾಲಿ ಮಾಡಿದ ಟ್ಯಾಂಕಿನಲ್ಲೂ ಹಬೆ ಇರುತ್ತದೆ, ವೆಲ್ಡಿಂಗ್ ಕಿಡಿಗೆ ಸಿಡಿಯುತ್ತದೆ.

ಎಂಜಿನ್ ಜಾಮ್ ಆಗಿದೆ. ಹೊಸ ಪಿಸ್ಟನ್ ಹಾಕುವಾಗ ಏನು ಗಮನಿಸಬೇಕು?

ನಿಂತು ನಿಂತು ಜಾಮ್ ಆಗಿದ್ದರೆ ಪ್ಲಗ್ ತೂತಿನಿಂದ ಆಯಿಲ್ ಬಿಟ್ಟು ಒಂದೆರಡು ದಿನ ನೆನೆಯಲು ಬಿಡಿ. ಮ್ಯಾಗ್ನೆಟ್ ಹಿಡಿದು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಕಿಕ್ಕರ್ ಮೇಲೆ ಹತ್ತಿ ನಿಲ್ಲಬೇಡಿ. ಓಡುವಾಗ ಜಾಮ್ ಆಗಿದ್ದರೆ ಸಿಲಿಂಡರ್ ಬಿಚ್ಚಲೇಬೇಕು.

ಬೋರ್‌ನಲ್ಲಿ ಉಗುರಿಗೆ ಸಿಗುವಂಥ ಗೀರು ಇದ್ದರೆ ಲೇತ್‌ನಲ್ಲಿ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕು. 0.25, 0.50 ಮಿ.ಮೀ. ಹೀಗೆ ಹಂತ ಹಂತವಾಗಿ ಸಿಗುತ್ತವೆ. ಪಿಸ್ಟನ್ ಮೊದಲು ಕೊಂಡು, ಅದನ್ನೇ ಲೇತ್‌ನವರ ಕೈಗೆ ಕೊಟ್ಟು ಅಳತೆ ಮಾಡಿಸಿ. ಅದೇ ಹೊತ್ತಿಗೆ ಕನೆಕ್ಟಿಂಗ್ ರಾಡನ್ನು ನೇರ ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಅಲ್ಲಾಡಿದರೆ ಪರವಾಗಿಲ್ಲ, ಮೇಲೆ ಕೆಳಗೆ ಟಕ್ ಅಂದರೆ ರಾಡ್ ಕಿಟ್ ಬೇಕು. ಅದನ್ನು ಪ್ರೆಸ್ ಮಾಡಿ ಕ್ರ್ಯಾಂಕ್ ನೇರ ಮಾಡುವುದು ಮನೆಯ ಕೆಲಸ ಅಲ್ಲ.

ಜೋಡಿಸುವಾಗ ಕ್ರ್ಯಾಂಕ್ ಕೇಸಿನ ಬಾಯಿಗೆ ಬಟ್ಟೆ ತುರುಕಿ. ಪಿಸ್ಟನ್ ಪಿನ್‌ನ ಸರ್ಕ್ಲಿಪ್ ಚಿಮ್ಮಿ ಒಳಗೆ ಬಿದ್ದರೆ ಎಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ. ಹಳೇ ಸರ್ಕ್ಲಿಪ್ ಮತ್ತೆ ಹಾಕಬೇಡಿ. ಪಿಸ್ಟನ್ ತಲೆ ಮೇಲಿನ ಬಾಣ ಸೈಲೆನ್ಸರ್ ಕಡೆಗಿರಲಿ. ಪಿಸ್ಟನ್‌ನಲ್ಲಿ ರಿಂಗ್ ಕೂರುವ ಗ್ರೂವ್‌ನಲ್ಲಿ ಒಂದು ಚಿಕ್ಕ ಪಿನ್ ಇರುತ್ತದೆ, ರಿಂಗಿನ ಎರಡು ತುದಿ ಅದರ ಎರಡೂ ಕಡೆ ಕೂರಬೇಕು. ಬೆರಳಿನಿಂದ ರಿಂಗ್ ಒತ್ತಿ ಹಿಡಿದು, ಎಲ್ಲಕ್ಕೂ ಟು-ಟಿ ಆಯಿಲ್ ಸವರಿ, ಸಿಲಿಂಡರನ್ನು ಮೇಲಿನಿಂದ ನೇರ ಇಳಿಸಿ. ತಿರುಗಿಸುತ್ತಾ ಇಳಿಸಬೇಡಿ, ರಿಂಗ್ ತುದಿ ಪೋರ್ಟ್‌ಗೆ ಸಿಕ್ಕಿ ಮುರಿಯುತ್ತದೆ. ತಡೆದರೆ ನಿಲ್ಲಿಸಿ, ವಾಪಸ್ ಎತ್ತಿ, ಮತ್ತೆ ನೋಡಿ. ಸರಿಯಾಗಿ ಕೂತರೆ ಒತ್ತುವುದೇ ಬೇಡ, ತಾನೇ ಜಾರಿ ಇಳಿಯುತ್ತದೆ. ಹೆಡ್ ನಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಹೊಸ ಬೋರ್ ಆದ ಮೇಲೆ ಹೇಗೆ ಓಡಿಸಲಿ?

ಮೊದಲ 500 ಕಿ.ಮೀ. ಅರ್ಧಕ್ಕಿಂತ ಜಾಸ್ತಿ ಆಕ್ಸಿಲರೇಟರ್ ಬೇಡ, ಹಿಂದೆ ಯಾರೂ ಕೂರುವುದು ಬೇಡ. ಈ ಅವಧಿಗೆ ಆಯಿಲ್ ಲೀಟರ್‌ಗೆ 30 ಎಂ.ಎಲ್. ಇರಲಿ. ಘಾಟಿ ಇಳಿಯುವವರಿಗೆ ಇನ್ನೊಂದು ಮಾತು. ಆಗುಂಬೆ, ಚಾರ್ಮಾಡಿಯಂಥ ಉದ್ದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡೇ ಇಳಿದರೆ ಎಂಜಿನ್ ತಿರುಗುತ್ತಿರುತ್ತದೆ, ಆಯಿಲ್ ಮಾತ್ರ ಹೋಗುವುದಿಲ್ಲ. ಆಗಾಗ ಚೂರು ರೇಸ್ ಕೊಡುತ್ತಿರಿ.

ಹೆಡ್‌ಲೈಟ್ ಬಲ್ಬ್ ಪದೇ ಪದೇ ಸುಟ್ಟುಹೋಗುತ್ತೆ.

ಹಳೇ ಗಾಡಿ 6 ವೋಲ್ಟ್, ಆಮೇಲಿನದು 12 ವೋಲ್ಟ್. ಮೊದಲು ಅದನ್ನು ನೋಡಿ. ಲೈಟಿಗೆ ಕರೆಂಟ್ ನೇರ ಮ್ಯಾಗ್ನೆಟ್‌ನಿಂದ ಬರುವುದರಿಂದ ಒಂದು ಬಲ್ಬ್ ಹೋದರೆ ಉಳಿದದ್ದರ ಮೇಲೆ ಭಾರ ಬೀಳುತ್ತದೆ. ಹಿಂದಿನ ಬಲ್ಬ್, ಅರ್ತ್ ವೈರ್ ಸರಿ ಮಾಡಿ.

ಬ್ರೇಕ್?

ಎಂಜಿನ್‌ಗಿಂತ ಮೊದಲು ಮಾಡಿಸಬೇಕಾದ್ದು. ಎರಡೂ ಚಕ್ರದ ಬ್ರೇಕ್ ಶೂ, ಕೇಬಲ್ ಹೊಸದು ಹಾಕಿ. ಡ್ರಮ್ಮಿನ ಧೂಳನ್ನು ಬಾಯಲ್ಲಿ ಊದಬೇಡಿ, ಹಳೇ ಶೂಗಳಲ್ಲಿ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಸ್ಪೇರ್ ಎಲ್ಲಿ ಸಿಗುತ್ತೆ?

ಎಕ್ಸ್‌ಎಲ್‌ಗೆ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲೂ ಸಿಗುತ್ತದೆ. ಲೂನಾಗೆ ಓಡಾಡಬೇಕು. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ, ಹಳೇ ಸಾಮಾನಿಗೆ ಶಿವಾಜಿನಗರದ ಗುಜರಿ. ಹಳೇ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ ಪಕ್ಕ ಪಕ್ಕ ಇಟ್ಟು ನೋಡಿ. ಮಾಡೆಲ್ ಹೆಸರು ಹೇಳಿ ತಂದದ್ದು ಎಷ್ಟೋ ಸಲ ಕೂರುವುದಿಲ್ಲ.

ಮಗನಿಗೆ 16 ವರ್ಷ. ಈ ಗಾಡಿ ಕೊಡಬಹುದಾ?

50 ಸಿಸಿ ಮೀರದ ಗಾಡಿಗೆ 16ಕ್ಕೇ ಲೈಸೆನ್ಸ್ ಸಿಗುತ್ತದೆ. ಎಕ್ಸ್‌ಎಲ್ ಸೂಪರ್ 69.9 ಸಿಸಿ, ಅದಕ್ಕೆ 18 ಆಗಬೇಕು. ಆರ್‌ಸಿಯಲ್ಲಿ ಸಿಸಿ ನೋಡಿ. ಹೆಲ್ಮೆಟ್ ಎರಡಕ್ಕೂ ಬೇಕು.

ಮಾಮೂಲಿ ಸೈಕಲ್‌ಗೆ ಆನ್‌ಲೈನ್‌ನಲ್ಲಿ ಸಿಗುವ ಎಂಜಿನ್ ಕಿಟ್ ಹಾಕಿಸಿದರೆ ಹೇಗೆ?

ರಸ್ತೆಗೆ ಬೇಡ. 25 ಸಿಸಿ ದಾಟಿದ ಎಂಜಿನ್ ಕೂರಿಸಿದರೆ ಕಾನೂನಿನ ಲೆಕ್ಕದಲ್ಲಿ ಅದು ಮೋಟಾರು ವಾಹನ. ನೋಂದಣಿ, ವಿಮೆ ಬೇಕು, ಮನೆಯಲ್ಲಿ ಕೂರಿಸಿದ್ದಕ್ಕೆ ಅದು ಸಿಗುವುದಿಲ್ಲ. ಸೈಕಲ್ ಬ್ರೇಕ್, ಕಡ್ಡಿಗಳು ಕೂಡ ಆ ವೇಗಕ್ಕೆ ಮಾಡಿದ್ದಲ್ಲ. ಅದೇ ದುಡ್ಡಿಗೆ ಆರ್‌ಸಿ ಸರಿ ಇರುವ ಒಂದು ಟಿವಿಎಸ್ 50 ಹುಡುಕಿ. ಪೆಡಲ್ ಅದರಲ್ಲೂ ಇದೆ.